ಮನಿಗೆ ಸ್ಟ್ಯಾಟಿಕ್ ಐಪಿ ಬೇಕೋ ಬ್ಯಾಡೋ? ರೊಕ್ಕ ಕಟ್ಟೂಕಿಂತ ಮೊದಲ ಹಿಂಗ ನೋಡ್ರಿ

ಹುಬ್ಬಳ್ಳಿ-ಧಾರವಾಡದಾಗ ಈಗ ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರ, ಯಾವ ಕಡೆ ಹೋದ್ರೂ ಫೈಬರ್ ವಾಯರ್ ಮನಿತನಕ ಬಂದೈತಿ. ಅದರ ಜೋಡಿ ಸಿಸಿ ಕ್ಯಾಮೆರಾನೂ ಬಂದಾವು. ಕ್ಯಾಮೆರಾ ಕೂಡ್ಸಾಕ ಬಂದವರು "ಸರ್, ಫೋನಿನಾಗ ನೋಡಬೇಕಂದ್ರ ಸ್ಟ್ಯಾಟಿಕ್ ಐಪಿ ತಗೊಳ್ರಿ" ಅಂತ ಹೇಳಿ ಹೋಗ್ತಾರ, ಮನಿಯವರು ಏನು ಎತ್ತ ಗೊತ್ತಿಲ್ಲದ ವರ್ಷದ ರೊಕ್ಕ ಕಟ್ಟಿಬಿಡ್ತಾರ. ಐಪಿ ಅಂದ್ರ ನೆಟ್‌ವರ್ಕಿನಾಗ ಒಂದೊಂದು ಸಾಮಾನಿಗೆ ಇರೋ ಅಡ್ರೆಸ್ ನಂಬರ್, ಅದು ಬದಲಾಗದಿದ್ರ ಸ್ಟ್ಯಾಟಿಕ್, ಆಗಾಗ ಬದಲಾದ್ರ ಡೈನಾಮಿಕ್. ಹತ್ತರಾಗ ಎಂಟು ಒಂಬತ್ತು ಮನಿಗೆ ಸ್ಟ್ಯಾಟಿಕ್ ಬೇಕಾಗಂಗಿಲ್ಲ ಅಂತ ನನ್ನ ಅನಿಸಿಕಿ. ಆದ್ರ ಬೇಕಾದವರಿಗೆ ಮಾತ್ರ ಖರೇನ ಬೇಕು, ಅದಕ್ಕ ನಿಮ್ಮ ಮನಿ ಯಾವ ಸಾಲಿನಾಗ ಬರ್ತೈತಿ ಅಂತ ನೀವ ನೋಡ್ಕೊಳ್ಳೂದು ಚಲೋ.

ಒಂದು ವಿಷಯ ಮೊದಲ ತಿಳ್ಕೊಳ್ರಿ, ಮನಿಗೆ ಎರಡು ಥರದ ಐಪಿ ಇರ್ತಾವು. ಒಂದು ಹೊರಗಿಂದು, ಇಂಟರ್ನೆಟ್ ಕಂಪನಿಯವರು ನಿಮ್ಮ ರೂಟರ್‌ಗೆ ಕೊಡೂದು. ಇನ್ನೊಂದು ಒಳಗಿಂದು, ರೂಟರ್ ನಿಮ್ಮ ಫೋನು, ಟಿವಿ, ಪ್ರಿಂಟರ್, ಕ್ಯಾಮೆರಾಕ್ಕ ಹಂಚೂದು. ಒಳಗಿಂದು ಸಾಮಾನ್ಯವಾಗಿ 192.168 ಅಂತ ಶುರು ಆಗ್ತೈತಿ, ನಿಮ್ಮ ಮನ್ಯಾಗ 192.168.1.5 ಇದ್ದಂಗ ಬಾಜೂ ಮನ್ಯಾಗೂ ಅದ ನಂಬರ್ ಇರಬಹುದು, ಒಂದಕ್ಕೊಂದು ಏನೂ ತ್ರಾಸಿಲ್ಲ. ಈ ಎರಡರಾಗೂ ಸ್ಟ್ಯಾಟಿಕ್ ಮತ್ತ ಡೈನಾಮಿಕ್ ಅಂತ ಇರ್ತಾವು. ಒಳಗಿಂದು ಸ್ಟ್ಯಾಟಿಕ್ ಮಾಡ್ಕೊಳ್ಳಾಕ ಒಂದು ಪೈಸೆ ಖರ್ಚಿಲ್ಲ, ಹೊರಗಿಂದಕ್ಕ ರೊಕ್ಕ ಬೀಳ್ತೈತಿ. ಮಂದಿ ಗೊಂದಲ ಮಾಡ್ಕೊಳ್ಳೂದು ಇಲ್ಲೇ, ಒಳಗಿನ ತ್ರಾಸಿಗೆ ಹೊರಗಿನ ಔಷಧ ತಗೊಂಡು ಕುಂದರ್ತಾರ.

ಮೊದಲ: ನಿಮ್ಮ ತ್ರಾಸು ಏನು ಅಂತ ಹೇಳ್ರಿ

ಸ್ಪೀಡ್ ಕಮ್ಮಿ ಅಂದ್ರ ಸ್ಟ್ಯಾಟಿಕ್ ಐಪಿಯಿಂದ ಏನೂ ಹೆಚ್ಚಾಗಂಗಿಲ್ಲ. ಸಿನಿಮಾ ನೋಡಾಕ, ಆನ್‌ಲೈನ್ ಕ್ಲಾಸಿಗೆ, ಯುಪಿಐಗೆ ಡೈನಾಮಿಕ್ ಸಾಕು. ಮನಿಯಿಂದ ಆಫೀಸ್ ಕೆಲಸ ಮಾಡೋರು ಮೊದಲ ತಮ್ಮ ಆಫೀಸಿನ ಐಟಿಯವರನ್ನ ಕೇಳ್ರಿ, ಭಾಳ ಕಡೆ ಅವರ ವಿಪಿಎನ್ (ಇಂಟರ್ನೆಟ್ ಮ್ಯಾಲೆನ ಬ್ಯಾರೆ ನೆಟ್‌ವರ್ಕಿನ ಒಳಗ ಹೋಗೋ ಖಾಸಗಿ ದಾರಿ) ಕೊಡ್ತಾರ, ಅದು ಯಾವ ಐಪಿಯಿಂದಾದ್ರೂ ನಡೀತೈತಿ. "ಒಂದ ಐಪಿಯಿಂದ ಮಾತ್ರ ನಮ್ಮ ಸರ್ವರ್‌ಗೆ ಬಿಡ್ತೀವಿ" ಅಂತ ಅವರ ಹೇಳಿದ್ರ ಮಾತ್ರ ನಿಮಗ ಸ್ಟ್ಯಾಟಿಕ್ ಬೇಕು.

ಇನ್ನ ಕ್ಯಾಮೆರಾ. ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿಗೆ ಡಿವಿಆರ್ ಅಂತಾರ. ಈಗಿನ ಡಿವಿಆರ್‌ಗಳಾಗ ಹೆಚ್ಚಿನವು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರ ಕಂಪನಿಯ ಆ್ಯಪಿನಾಗ ಬರ್ತಾವು, ಡಿವಿಆರ್ ತಾನ ಹೊರಗಿನ ಸರ್ವರ್‌ಗೆ ಕನೆಕ್ಟ್ ಆಗ್ತೈತಿ, ನಿಮ್ಮ ಫೋನೂ ಅದರ ಮೂಲಕನ ಡಿವಿಆರ್ ಹುಡುಕ್ತೈತಿ. ಡಿವಿಆರ್ ಮೆನುವಿನಾಗ ಪಿ2ಪಿ ಅಥವಾ ಕ್ಲೌಡ್ ಅಂತ ಇದ್ರ ಆನ್ ಮಾಡ್ರಿ, ಮುಗೀತು.

ಒಳಗಿನ ಐಪಿ ಫಿಕ್ಸ್ ಮಾಡೂದು

ಗದಗ-ಬೆಟಗೇರಿ ಕಡೆ ಮನ್ಯಾಗ ಸಣ್ಣ ಪ್ರಿಂಟಿಂಗ್ ಕೆಲಸ ಮಾಡೋರಿಗೆ ಇದು ಗೊತ್ತಿರ್ತೈತಿ, ನಿನ್ನೆ ಸಂಜೀತನಕ ವೈಫೈ ಪ್ರಿಂಟರ್ ಬರೋಬ್ಬರಿ ನಡದಿತ್ತು, ರಾತ್ರಿ ಕರೆಂಟ್ ಹೋಗಿ ಬಂತು, ಮುಂಜಾನೆ ನೋಡಿದ್ರ ಕಂಪ್ಯೂಟರಿನಾಗ ಆಫ್‌ಲೈನ್ ಅಂತ ತೋರಸ್ತೈತಿ. ಪ್ರಿಂಟರ್ ಕೆಟ್ಟಿರೂದಿಲ್ಲ. ರೂಟರ್ ಐಪಿನ ಕಾಯಂ ಆಗಿ ಕೊಡೂದಿಲ್ಲ, ಇಷ್ಟು ಹೊತ್ತು ಅಂತ ಲೀಸ್ ಮ್ಯಾಲೆ ಕೊಡ್ತೈತಿ, ಈ ಕೆಲಸಕ್ಕ ಡಿಎಚ್‌ಸಿಪಿ ಅಂತಾರ. ಪ್ರಿಂಟರ್‌ಗೆ ಮುಂಚೆ 192.168.1.7 ಇತ್ತು, ಈಗ 192.168.1.12 ಸಿಕ್ಕೈತಿ, ಕಂಪ್ಯೂಟರ್ ಮಾತ್ರ ಇನ್ನೂ 7ಕ್ಕ ಕಳಸ್ಕೋತ ಕುಂತೈತಿ.

ಇದಕ್ಕ ರೂಟರಿನಾಗ ಹಿಂಗ ಮಾಡ್ರಿ. ರೂಟರ್ ಕೆಳಗಿನ ಸ್ಟಿಕರ್ ಮ್ಯಾಲೆ 192.168.1.1 ಅಥವಾ 192.168.0.1 ಅಂತ ಅಡ್ರೆಸ್ಸು, ಯೂಸರ್‌ನೇಮು, ಪಾಸ್‌ವರ್ಡ್ ಇರ್ತೈತಿ, ಬ್ರೌಸರ್‌ನಾಗ ಅದನ್ನ ಹೊಡದು ಒಳಗ ಹೋಗ್ರಿ. ಲ್ಯಾನ್ ಅಥವಾ ಡಿಎಚ್‌ಸಿಪಿ ಅನ್ನೋ ಜಾಗಾದಾಗ ಅಡ್ರೆಸ್ ರಿಸರ್ವೇಶನ್ ಅಂತಲೋ ಸ್ಟ್ಯಾಟಿಕ್ ಡಿಎಚ್‌ಸಿಪಿ ಅಂತಲೋ ಇರ್ತೈತಿ. ಕನೆಕ್ಟ್ ಆಗಿರೋ ಸಾಮಾನಿನ ಪಟ್ಟಿಯಾಗ ಪ್ರಿಂಟರ್ ಹುಡುಕಿ, ಅದರ ಮ್ಯಾಕ್ ಅಡ್ರೆಸ್‌ಗೆ, ಅಂದ್ರ ಆ ಸಾಮಾನಿನ ಗುರುತಾಗಿ ಎರಡೆರಡರಂತೆ ಬರದಿರೋ 12 ಅಂಕಿ-ಅಕ್ಷರದ್ದಕ್ಕ, ಒಂದು ಐಪಿ ಬರದು ಸೇವ್ ಮಾಡ್ರಿ. ಆಮ್ಯಾಲೆ ಪ್ರಿಂಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ. ಕಂಪ್ಯೂಟರಿನಾಗೂ ಪ್ರಿಂಟರ್ ಪೋರ್ಟ್‌ಗೆ ಈ ಹೊಸ ಐಪಿನ ಕೊಡಬೇಕು, ಅದನ್ನ ಮರೀಬ್ಯಾಡ್ರಿ.

ಪ್ರಿಂಟರಿನಾಗ ಕೈಯಿಂದ ಐಪಿ ಹಾಕೂದಕ್ಕೂ ಬರ್ತೈತಿ, ಆದ್ರ ನಾ ರೂಟರ್ ದಾರೀನ ಹೇಳ್ತೀನಿ. ಯಾಕಂದ್ರ ನೀವು ಕೈಯಿಂದ ಹಾಕಿದ ನಂಬರನ್ನ ರೂಟರ್ ಗೊತ್ತಿಲ್ಲದ ಇನ್ನೊಂದು ಫೋನಿಗೆ ಕೊಟ್ಟುಬಿಟ್ರ ಎರಡೂ ಜಗಳಾಡ್ತಾವು, ಆಗ ತಪ್ಪು ಎಲ್ಲೈತಿ ಅಂತ ಹುಡುಕೂದು ಭಾಳ ತಲಿಬ್ಯಾನಿ. ಇನ್ನೊಂದು, ಆಂಡ್ರಾಯ್ಡ್ 10ರಿಂದ ಈಚೆ ಫೋನುಗಳು ವೈಫೈಗೆ ತಮ್ಮ ಖರೇ ಮ್ಯಾಕ್ ತೋರಸೂದಿಲ್ಲ, ರ್‍ಯಾಂಡಮ್ ಒಂದು ತೋರಸ್ತಾವು. ಫೋನಿಗೆ ಐಪಿ ರಿಸರ್ವ್ ಮಾಡೂದಿದ್ರ ಆ ವೈಫೈ ಸೆಟ್ಟಿಂಗಿನಾಗ ಡಿವೈಸ್ ಮ್ಯಾಕ್ ಅಂತ ಬದಲಿ ಮಾಡ್ರಿ.

ಹೊರಗಿನ ಐಪಿ: ಮೊದಲ ಸಿಜಿನ್ಯಾಟ್ ಐತೇನು ನೋಡ್ರಿ

ಯಾರೂ ಹೇಳಿಕೊಡದ ಹೆಜ್ಜೆ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯನೂ ಹೌದು. ಹಳೇ ಪದ್ಧತಿಯ ಐಪಿ, ಅಂದ್ರ ಐಪಿವಿ4, 32 ಬಿಟ್ಟಿಂದು, ಇಡೀ ಜಗತ್ತಿಗೆ ಸೇರಿ ಸುಮಾರು 430 ಕೋಟಿ ನಂಬರ್ ಅಷ್ಟ. ಅದರ ಮುಖ್ಯ ದಾಸ್ತಾನು 2011ರ ಫೆಬ್ರುವರಿಯಾಗ ಖಾಲಿ ಆತು. ಹಿಂಗಾಗಿ ಭಾಳಷ್ಟು ಕಂಪನಿಯವರು ಒಂದ ಹೊರಗಿನ ಐಪಿನ ಹತ್ತಾರು ಮನಿಗೆ ಹಂಚ್ತಾರ, ಹಳ್ಳಿಗೆಲ್ಲ ಒಂದ ಪೋಸ್ಟ್ ಡಬ್ಬಿ ಇದ್ದಂಗ. ಇದ ಸಿಜಿನ್ಯಾಟ್. ನಿಮ್ಮ ಮನಿಯಿಂದ ಹೊರಗ ಹೋಗಾಕ ಏನೂ ಅಡ್ಡಿಯಿಲ್ಲ, ಆದ್ರ ಹೊರಗಿಂದ ನಿಮ್ಮ ಮನಿಗೆ ನೇರ ಬರಾಕ ಆಗಂಗಿಲ್ಲ.

ನೋಡೂದು ಹೆಂಗ ಅಂದ್ರ, ರೂಟರ್ ಪೇಜಿನಾಗ ಸ್ಟೇಟಸ್ ಒಳಗ ವ್ಯಾನ್ ಐಪಿ, ಅಂದ್ರ ರೂಟರ್‌ಗೆ ಹೊರಗಿಂದ ಸಿಕ್ಕಿರೋ ಐಪಿ, ಅಂತ ಇರ್ತೈತಿ, ಅದನ್ನ ಬರ್ಕೊಳ್ರಿ. ಆಮ್ಯಾಲೆ ಮನಿ ವೈಫೈ ಮ್ಯಾಲೆನ, ಮೊಬೈಲ್ ಡೇಟಾ ಮತ್ತ ವಿಪಿಎನ್ ಬಂದ್ ಮಾಡಿ, ಗೂಗಲ್‌ನಾಗ "ವಾಟ್ ಈಸ್ ಮೈ ಐಪಿ" ಅಂತ ಹುಡುಕ್ರಿ. ನಡುನಡುವ ಕೋಲನ್ (:) ಇರೋ ಉದ್ದನ ನಂಬರ್ ಬಂದ್ರ ಅದು ಹೊಸ ಪದ್ಧತಿಯ ಐಪಿವಿ6, ಅದನ್ನ ಬಿಟ್ಟು ಐಪಿವಿ4 ತೋರಸೋ ಸೈಟ್ ನೋಡ್ರಿ. ಎರಡೂ ನಂಬರ್ ಒಂದ ಇದ್ರ ನಿಮಗ ನಿಮ್ಮದ ಆದ ಪಬ್ಲಿಕ್ ಐಪಿ, ಅಂದ್ರ ಹೊರಗಿಂದ ನೇರ ಮುಟ್ಟಾಕ ಬರೋ ಐಪಿ, ಐತಿ. ಬ್ಯಾರೆ ಇದ್ದು, ವ್ಯಾನ್ ಐಪಿ 100.64ರಿಂದ 100.127ರ ಒಳಗ ಇದ್ರ ನೀವು ಸಿಜಿನ್ಯಾಟ್ ಹಿಂದ ಇದ್ದೀರಿ, 10 ಅಂತ ಶುರು ಆದ್ರೂ ಹೆಚ್ಚಾಗಿ ಅದ. ಕಂಪನಿಯವರ ಫೈಬರ್ ಡಬ್ಬಿಗೆ ನಿಮ್ಮ ಸ್ವಂತ ರೂಟರ್ ಹಚ್ಚಿದ್ರ ವ್ಯಾನ್ 192.168 ಅಂತ ತೋರಸಬಹುದು, ಆಗ ಆ ಫೈಬರ್ ಡಬ್ಬಿಯ ಪೇಜಿನಾಗ ನೋಡಬೇಕು.

ಹೊರಗಿಂದ ಮನಿ ನೆಟ್‌ವರ್ಕಿಗೆ ಬರೂದಿದ್ದು, ಪಬ್ಲಿಕ್ ಐಪಿ ಬದಲಾಗ್ತಿದ್ರ ಡೈನಾಮಿಕ್ ಡಿಎನ್‌ಎಸ್ (ನಿಮ್ಮ ಐಪಿಗೆ ಒಂದು ಹೆಸರು ಕೊಡೋ ಸೇವೆ) ಸಾಕು, ಡಕ್‌ಡಿಎನ್‌ಎಸ್ ಅಂಥವು ಪುಕ್ಕಟ ಅದಾವು, ಐಪಿ ಬದಲಾದ್ರೂ ಹೆಸರು ಅದ ಇರ್ತೈತಿ. ಸಿಜಿನ್ಯಾಟ್ ಇದ್ರ ಅದು ಮತ್ತ ಪೋರ್ಟ್ ಫಾರ್ವರ್ಡಿಂಗ್ (ಹೊರಗಿಂದ ಬಂದದ್ದನ್ನ ರೂಟರ್ ಒಳಗಿನ ಒಂದು ಸಾಮಾನಿಗೆ ಕಳಸೂದು) ಎರಡೂ ನಡಿಯಂಗಿಲ್ಲ, ಆಗ ಟೇಲ್‌ಸ್ಕೇಲ್ ಅಂಥ ವಿಪಿಎನ್ ಹಾಕ್ಕೊಳ್ರಿ, ಮನಿ ಬಳಕಿಗೆ ಪುಕ್ಕಟ ಪ್ಲಾನ್ ಐತಿ.

ಖರೇನ ತಗೊಳ್ಳೋರು

ಬ್ಯಾಡಗಿಯಾಗ ಮೆಣಸಿನಕಾಯಿ ವ್ಯಾಪಾರ ಮಾಡೋರು ಅಂಗಡಿ, ಗೋದಾಮು, ಮನಿ ಮೂರನ್ನೂ ಒಂದ ನೆಟ್‌ವರ್ಕ್ ಮಾಡಿ ಅಕೌಂಟ್ಸ್ ಸರ್ವರ್ ಮನ್ಯಾಗ ಇಡ್ತೀವಿ ಅಂದ್ರ ಸ್ಟ್ಯಾಟಿಕ್ ತಗೊಳ್ಳೂದು ಸರಿ. ಕಂಪನಿಗೆ ಕೇಳಬೇಕಾದ್ದು: ವರ್ಷಕ್ಕ ಎಷ್ಟು, 18% ಜಿಎಸ್‌ಟಿ ಸೇರಿಸಿ ಹೇಳ್ರಿ. ಹೊರಗಿಂದ ಒಳಗ ಬರೋ ಪೋರ್ಟ್, ಅಂದ್ರ ನಂಬರ್ ಹಾಕಿದ ಬಾಗಿಲಾ ಇದ್ದಂಗ, ಬಂದ್ ಮಾಡೀರೇನು. ನವನಗರದಿಂದ ಗೋಕುಲ ರೋಡಿಗೆ ಮನಿ ಬದಲಿ ಮಾಡಿದ್ರ ಐಪಿ ಅದ ಉಳೀತೈತೇನು. ಉತ್ತರ ಫೋನಿನಾಗ ಬ್ಯಾಡ, ಮೇಲ್‌ನಾಗ ತಗೊಳ್ರಿ.

ಒಂದು ಕಾಳಜಿ ಮಾತ್ರ ತಪ್ಪಸಬ್ಯಾಡ್ರಿ. 2016ರಾಗ ಮಿರಾಯ್ ಅನ್ನೋ ಮಾಲ್‌ವೇರ್ (ಹಾಳು ಮಾಡೋ ಸಾಫ್ಟ್‌ವೇರ್) ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್ ಹಿಡಕೊಂಡಿದ್ದು ಕಾರ್ಖಾನಿಯಿಂದ ಬಂದ ಪಾಸ್‌ವರ್ಡ್ ಮಂದಿ ಬದಲಿ ಮಾಡದ ಬಿಟ್ಟಿದ್ದಕ್ಕ. ಹೊರಗಿಂದ ಮುಟ್ಟಾಕ ಬರೋ ಐಪಿ ಬಂತಂದ್ರ ನಿಮ್ಮ ಮನಿ ಬಾಗಿಲಾನೂ ಇಂಥಾ ಮಾಲ್‌ವೇರ್ ಬಿಡೋರು ಬಡದು ನೋಡ್ತಾರ. ಡಿವಿಆರ್ ಪಾಸ್‌ವರ್ಡ್ ಬದಲಿ ಮಾಡ್ರಿ, ರೂಟರಿನಾಗ ಯುಪಿಎನ್‌ಪಿ (ಒಳಗಿನ ಸಾಮಾನು ನಿಮ್ಮನ್ನ ಕೇಳದ ಪೋರ್ಟ್ ತೆಗ್ಯಾಕ ಬಿಡೋ ಸೌಲಭ್ಯ) ಬಂದ್ ಮಾಡ್ರಿ, ಡಿವಿಆರ್ ಪೋರ್ಟ್ ಸೀದಾ ಹೊರಗ ತೆಗೀಬ್ಯಾಡ್ರಿ, ವಿಪಿಎನ್ ಮೂಲಕನ ಒಳಗ ಬರ್ರಿ. ಸ್ಟ್ಯಾಟಿಕ್ ಚಾಲೂ ಆದ ದಿನ ರೂಟರ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಹಚ್ಚಿ ವ್ಯಾನ್ ಐಪಿ ನೋಡ್ರಿ, ನಂಬರ್ ಬದಲಾಗಿದ್ರ ಅವತ್ತ ಕಂಪ್ಲೇಂಟ್ ಕೊಡ್ರಿ.