ಮುಂಗಾರಿಗೆ ಮೊದಲು ಫ್ಲೂ ಲಸಿಕೆ: ಬಾಕ್ಸ್ ನೋಡುವುದು, ಬಿಲ್ ಬರೆಯುವುದು

ದಕ್ಷಿಣ ಕೊಡಗಿನ ನಮ್ಮ ಕ್ಲಿನಿಕ್ಕಿನಲ್ಲಿ ದೊಡ್ಡವರಿಗೆ ಫ್ಲೂ ಲಸಿಕೆ ಹಾಕುವ ಕೆಲಸವನ್ನು ಏಪ್ರಿಲ್ ಕೊನೆಗೆ ಶುರುಮಾಡಿ ಮೇ ಒಳಗೆ ಮುಗಿಸುತ್ತೇವೆ. ನಮ್ಮ ಕಡೆ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ, ಕಾಫಿ ಕೊಯ್ಲಿನ ಹೊತ್ತಿಗೆ, ಇನ್ನೊಂದು ಸುತ್ತು ಬರುತ್ತದೆ. ಚುಚ್ಚಿದ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಕಕ್ಕಡ (ಆಗಸ್ಟ್ ಮಧ್ಯದವರೆಗಿನ ಜೋರು ಮಳೆಯ ತಿಂಗಳು) ಮುಗಿಯುವ ತನಕ ವಯಸ್ಸಾದವರನ್ನು ತೋಟದಿಂದ ಹೊರಗೆ ಕರೆತರುವುದೇ ಕಷ್ಟ. ವಿದೇಶದಲ್ಲಿರುವ ಮಕ್ಕಳು ಅಕ್ಟೋಬರ್‌ನಲ್ಲಿ ಹಾಕಿಸಿ ಎಂದು ಫೋನಿನಲ್ಲಿ ಹೇಳುವುದುಂಟು. ಅದು ಅಲ್ಲಿನ ಚಳಿಗಾಲದ ಲೆಕ್ಕ.

ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯಲ್ಲಿ ಇರಬೇಕಾದ ವೈರಸ್ ತಳಿಗಳನ್ನು ವರ್ಷಕ್ಕೆರಡು ಸಲ ಹೇಳುತ್ತದೆ: ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಮುಂಗಾರಿಗೆ ನಮಗೆ ಬೇಕಾದ್ದು ಎರಡನೆಯದು. ಬಾಕ್ಸಿನ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ ‘ಎಸ್‌ಎಚ್’ (ದಕ್ಷಿಣ ಗೋಳಾರ್ಧ) ಮತ್ತು ಈ ವರ್ಷ ಇದೆಯೇ ನೋಡಿ. ಏಪ್ರಿಲ್‌ನಲ್ಲಿ ಹಿಂದಿನ ‘ಎನ್‌ಎಚ್’ (ಉತ್ತರ ಗೋಳಾರ್ಧ) ಸ್ಟಾಕ್ ಡಿಸ್ಕೌಂಟಿನಲ್ಲಿ ಸಿಗುತ್ತದೆ. ಎಕ್ಸ್‌ಪೈರಿ ದಾಟಿರದಿದ್ದರೂ ಒಳಗಿರುವುದು ಹಿಂದಿನ ಸೀಸನ್ನಿನ ತಳಿ. ನಾವು ಅದನ್ನು ತರಿಸುವುದಿಲ್ಲ.

ಮೂರು ತಳಿಯದೋ ನಾಲ್ಕು ತಳಿಯದೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಾಲ್ಕನೆಯದಾದ ಬಿ-ಯಮಗಾಟ ವಂಶದ ವೈರಸ್ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ, ಅದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ದಂಡ. ಮೂಗಿಗೆ ಬಿಡುವ ಸ್ಪ್ರೇ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಬೇಡ. ಮೊಟ್ಟೆ ಅಲರ್ಜಿ ಈಗ ತಡೆಯಲ್ಲ. ಹಿಂದೆ ಫ್ಲೂ ಲಸಿಕೆಗೇ ತೀವ್ರ ಅಲರ್ಜಿ ಆದವರಿಗೆ ಹಾಕುವುದಿಲ್ಲ. ಮೊದಲ ಸರದಿ 60 ದಾಟಿದವರದು, ಶುಗರ್, ಹೃದಯ, ಕಿಡ್ನಿ, ಆಸ್ತಮಾ ಇರುವವರದು ಮತ್ತು ಗರ್ಭಿಣಿಯರದು. ಪ್ರಮಾಣ 0.5 ಮಿ.ಲೀ., ತೋಳಿನ ಸ್ನಾಯುವಿಗೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಸೂಜಿ ಬಳಸಿ, ಎರಡು ನಿಮಿಷ ಒತ್ತಿ ಹಿಡಿಯುತ್ತೇವೆ, ಉಜ್ಜಬಾರದು. ಆಮೇಲೆ ಎಲ್ಲರೂ ಹದಿನೈದು ನಿಮಿಷ ಕೂತೇ ಹೋಗಬೇಕು.

ಲಸಿಕೆ ಹೆಚ್ಚಾಗಿ ಕೆಡುವುದು ದಾರಿಯಲ್ಲಿ. ಮೆಡಿಕಲ್ ಶಾಪಿನಲ್ಲಿ ಕೊಂಡು, ಐಸ್ ತುಂಡಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬಸ್ಸಿನಲ್ಲಿ ತರುತ್ತಾರೆ. ಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಐಸಿಗೆ ತಾಗಿ ಹೆಪ್ಪುಗಟ್ಟಿದರೆ ಲಸಿಕೆ ಹಾಳು, ಆದರೆ ಕರಗಿದ ಮೇಲೆ ಫ್ಲೂ ಸಿರಿಂಜ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾವು ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಕ್ಯಾರಿಯರಿಗೆ ಇಡುವುದಿಲ್ಲ. ಮೇಜಿನ ಮೇಲೆ ಬಿಟ್ಟು, ಮೇಲಿನ ಹಿಮ ಹೋಗಿ, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರು ಗುಳುಗುಳು ಎಂದ ಮೇಲೆ ಒರೆಸಿ ಇಡುತ್ತೇವೆ. ಫ್ರಿಜ್ಜಿನ ಬಾಗಿಲಲ್ಲಿ ಲಸಿಕೆ ಇಡುವುದಿಲ್ಲ, ಕೆಳಗಿನ ಡ್ರಾಯರಿನಲ್ಲಿ ನೀರಿನ ಬಾಟಲಿ ತುಂಬಿರುತ್ತೇವೆ. ಕರೆಂಟ್ ಹೋದಾಗ ಆ ನೀರೇ ಸ್ವಲ್ಪ ಹೊತ್ತು ತಂಪು ಕಾಯುತ್ತದೆ, ಬಾಗಿಲು ತೆಗೆಯದಿದ್ದರೆ. ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಜೂನ್‌ಗೆ ಸ್ಟಾಕ್ ಉಳಿಸಿಕೊಳ್ಳದಿರುವುದಕ್ಕೆ ಇದೂ ಕಾರಣ.

ಇನ್ನು ದುಡ್ಡು. ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ಬರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಮಾಮೂಲಿ ಮೆಡಿಕ್ಲೇಮ್ ಅಡ್ಮಿಟ್ ಆದರೆ ಕೊಡುವಂಥದ್ದು. ಲಸಿಕೆ ಸಾಮಾನ್ಯವಾಗಿ ಹೊರಗಿಟ್ಟ ಖರ್ಚುಗಳ ಪಟ್ಟಿಯಲ್ಲಿ ಇರುತ್ತದೆ, ಅನೇಕ ಪಾಲಿಸಿಗಳಲ್ಲಿ ಪ್ರಾಣಿ ಕಚ್ಚಿದ ಮೇಲೆ ಹಾಕಿಸುವುದೊಂದನ್ನು ಬಿಟ್ಟು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಸ್ಪತ್ರೆ ಚಿಕಿತ್ಸೆಗೆ. ಸಹಕಾರ ಸಂಘದ ಸದಸ್ಯರ ಯಶಸ್ವಿನಿಯೂ ಹಾಗೇ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿರುವ ಮಾಜಿ ಸೈನಿಕರು, ಕೊಡಗಿನಲ್ಲಿ ಅವರೇನು ಕಡಿಮೆಯೇ, ಹೊರಗೆ ಹಾಕಿಸುವ ಮೊದಲೇ ಆ ಯೋಜನೆಯ ಪಾಲಿಕ್ಲಿನಿಕ್ಕಿನಲ್ಲಿ ಕೇಳಿ ಬರೆಸಿಕೊಳ್ಳಬೇಕು.

ಸಿಗುವ ಸಾಧ್ಯತೆ ಇರುವುದು ಓಪಿಡಿ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆ) ಅಥವಾ ವೆಲ್‌ನೆಸ್ ಸೌಲಭ್ಯ ಸೇರಿಸಿಕೊಂಡ ಪಾಲಿಸಿಯಲ್ಲಿ. ಬೆಂಗಳೂರಿನಲ್ಲಿರುವ ಮಕ್ಕಳ ಕಂಪನಿ ಪಾಲಿಸಿಗೆ ಅಪ್ಪ–ಅಮ್ಮ ಸೇರಿದ್ದರೆ ಎಚ್‌ಆರ್‌ಗೆ ಹೀಗೆ ಕೇಳಿ: ಲಸಿಕೆ ದೊಡ್ಡವರಿಗೂ ಉಂಟೋ, ಮಕ್ಕಳಿಗೆ ಮಾತ್ರವೋ? ಮಿತಿ ತಲೆಗೆಷ್ಟು? ನೆಟ್‌ವರ್ಕ್ (ವಿಮಾ ಕಂಪನಿಯ ಪಟ್ಟಿಯಲ್ಲಿರುವ) ಕ್ಲಿನಿಕ್ಕಿನಲ್ಲೇ ಹಾಕಿಸಬೇಕೋ? ಕೊನೆಯ ಪ್ರಶ್ನೆಗೆ ಹೌದು ಎಂದರೆ ಮೈಸೂರಿಗೆ ಹೋಗಿಬರುವ ಖರ್ಚನ್ನೂ ಕೂಡಿಸಿ ನೋಡಿ, ಕೆಲವೊಮ್ಮೆ ಕೈಯಿಂದ ಕೊಡುವುದೇ ಅಗ್ಗ.

ಕ್ಲೇಮ್ ತಿರುಗಿ ಬರುವುದು ಹೆಚ್ಚಾಗಿ ಕಾಗದದ ದೋಷಕ್ಕೆ. ಬಿಲ್ ಲಸಿಕೆ ಹಾಕಿಸಿಕೊಂಡವರ ಹೆಸರಿನಲ್ಲಿ, ಪಾಲಿಸಿಯಲ್ಲಿರುವ ಹಾಗೇ ಇರಬೇಕು. ಮನೆತನದ ಹೆಸರು ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಆದರೂ ಪ್ರಶ್ನೆ ಏಳುತ್ತದೆ. ಡಾಕ್ಟರ ಚೀಟಿಯ ತಾರೀಖು ಬಿಲ್ಲಿಗಿಂತ ಮುಂಚಿನದೋ ಅದೇ ದಿನದ್ದೋ ಇರಲಿ, ನೋಂದಣಿ ಸಂಖ್ಯೆ ಇರಲಿ. ಲಸಿಕೆಯ ಬೆಲೆ, ಚುಚ್ಚಿದ ಫೀಸು ಬೇರೆ ಬೇರೆ ಸಾಲಿನಲ್ಲಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಬರೆದಿರಬೇಕು. ಯುಪಿಐ ಸ್ಕ್ರೀನ್‌ಶಾಟ್ ಬಿಲ್ ಅಲ್ಲ.

ನ್ಯುಮೋನಿಯಾ ಲಸಿಕೆಯನ್ನು ಅದೇ ದಿನ ಇನ್ನೊಂದು ತೋಳಿಗೆ ಹಾಕಬಹುದು. ಅದರಲ್ಲಿ ಬೇರೆ ಬೇರೆ ಬಗೆ ಇವೆ: ಪಿಸಿವಿ13 ಆದರೆ ಸಾಮಾನ್ಯವಾಗಿ ಒಂದು ವರ್ಷದ ನಂತರ ಪಿಪಿಎಸ್‌ವಿ23. ಪಿಸಿವಿ20 ಸಿಕ್ಕಿದರೆ ಒಂದೇ ಸಾಕು. ನ್ಯುಮೋನಿಯಾ ಲಸಿಕೆ ಫ್ಲೂ ಲಸಿಕೆಗಿಂತ ದುಬಾರಿ. ಆರೋಗ್ಯ ವಿಮೆಯೇ ಇಲ್ಲದ 60 ದಾಟಿದವರು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ವೈದ್ಯಕೀಯ ಖರ್ಚಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಕೇಳಬಹುದು, ಆದರೆ ನಗದು ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅವರಿಂದ ಯುಪಿಐ ಅಥವಾ ಚೆಕ್ಕಿನಲ್ಲೇ ತೆಗೆದುಕೊಂಡು, ಬಿಲ್ಲಿನಲ್ಲಿ ಹಾಗೆಂದೇ ಬರೆದುಕೊಡುತ್ತೇವೆ.