25ರ ಬ್ಯಾಂಡ್ ಯಾರದು? ಗ್ರಬ್2 ಹಿಂದೆ ಬಿದ್ದ ನನ್ನ ಅನುಭವ

ಗ್ರಬ್2 ಸಣ್ಣ ಪ್ರೋಟೀನು. 217 ಅಮೈನೋ ಆಮ್ಲ, ತೂಕ ಸುಮಾರು 25 ಕಿಲೋಡಾಲ್ಟನ್. ಅದರ ಜೀನು ನಮ್ಮ 17ನೇ ಕ್ರೋಮೋಸೋಮಿನಲ್ಲಿದೆ. ಪುಣೆಯ ಒಂದು ಲ್ಯಾಬಿನಲ್ಲಿ ಇದರ ಮೇಲೆ ಎರಡು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ನಾಲ್ಕು ತಿಂಗಳು ಒಂದೇ ತಪ್ಪಿಗೆ ಹೋಯಿತು. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರಿಗೆ ಆ ನಾಲ್ಕು ತಿಂಗಳು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಗದಗದಿಂದ ಅವ್ವ ಬಂದಾಗ ಕೇಳಿದ್ದಳು, "ರಾತ್ರಿ ಹತ್ತರ ತನಕ ಅಲ್ಲಿ ಏನ್ ಮಾಡ್ತಿಯವ್ವಾ?" ಅವತ್ತು ಬೆಳಿಗ್ಗೆ ಪುಣೆಯ ತರಕಾರಿ ಮಾರುಕಟ್ಟೆ ಮಂಡಯಿಯಲ್ಲಿ ನಡೆದದ್ದನ್ನೇ ನೆನಪಿಸಿದೆ. ಅವ್ವನಿಗೆ ಮರಾಠಿ ಬರುವುದಿಲ್ಲ, ಮೆಂತ್ಯ ಮಾರುವ ಅಜ್ಜಿಗೆ ಕನ್ನಡ ಬರುವುದಿಲ್ಲ. ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸಿದವಳು ನಾನು. ನಾನು ಕೊಂಡಿದ್ದೂ ಇಲ್ಲ, ಮಾರಿದ್ದೂ ಇಲ್ಲ. ಆದರೂ ನಾನಿಲ್ಲದೆ ಅವ್ವನ ಚೀಲಕ್ಕೆ ಮೆಂತ್ಯ ಬೀಳುತ್ತಿರಲಿಲ್ಲ. ಗ್ರಬ್2 ಕೋಶದೊಳಗೆ ಮಾಡುವುದು ಇದನ್ನೇ.

ಕೋಶದ ಹೊರಪೊರೆಯಲ್ಲಿ ಇಜಿಎಫ್‌ಆರ್ ಅನ್ನುವ ರಿಸೆಪ್ಟರ್ ಇರುತ್ತದೆ. ಹೊರಗಿನಿಂದ ಇಜಿಎಫ್ ಅನ್ನುವ, ಬೆಳೆಯಲು ಹೇಳುವ ಪ್ರೋಟೀನು ಬಂದು ಕೂತರೆ, ಒಳಗಿನ ಅದರ ಬಾಲದಲ್ಲಿರುವ ಟೈರೋಸಿನ್ ಅನ್ನುವ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟುತ್ತದೆ. ಗ್ರಬ್2ರ ನಡುವಿನ ಭಾಗ, ಎಸ್‌ಎಚ್2, ಆ ಫಾಸ್ಫೇಟ್ ಇರುವ ಟೈರೋಸಿನ್ನನ್ನು ಹಿಡಿಯುತ್ತದೆ. ಮುಖ್ಯವಾಗಿ 1068ನೇದನ್ನು. ಅಕ್ಕಪಕ್ಕದ ಎರಡು ಎಸ್‌ಎಚ್3 ಭಾಗಗಳು ಸಾಸ್ ಅನ್ನುವ ಇನ್ನೊಂದು ಪ್ರೋಟೀನನ್ನು ಹಿಡಿದಿರುತ್ತವೆ. ಹೀಗೆ ಸಾಸ್ ಪೊರೆಯ ಹತ್ತಿರ ಬರುತ್ತದೆ. ಅಲ್ಲಿರುವ ರಾಸ್ ಅನ್ನುವ ಪ್ರೋಟೀನಿನಿಂದ ಜಿಡಿಪಿ ಅನ್ನುವ ಸಣ್ಣ ಅಣುವನ್ನು ಬಿಡಿಸುತ್ತದೆ, ಆ ಜಾಗಕ್ಕೆ ಜಿಟಿಪಿ ಬಂದು ರಾಸ್ ಚುರುಕಾಗುತ್ತದೆ. ಬೆಳೆಯಬೇಕು, ಎರಡಾಗಬೇಕು ಅನ್ನುವ ಸುದ್ದಿ ಅಲ್ಲಿಂದ ಒಳಗೆ ಹೊರಡುತ್ತದೆ. ಗ್ರಬ್2 ತಾನಾಗಿ ಏನನ್ನೂ ಕತ್ತರಿಸುವುದಿಲ್ಲ, ಯಾವುದಕ್ಕೂ ಏನನ್ನೂ ಅಂಟಿಸುವುದಿಲ್ಲ. ಎಂಜೈಮ್ ಆಗಿದ್ದರೆ ಅದರ ಚಟುವಟಿಕೆಯನ್ನು ಅಳೆಯಬಹುದಿತ್ತು. ಇಲ್ಲಿ ಅಳೆಯಲು ಏನೂ ಇಲ್ಲ. ಯಾರ ಕೈ ಹಿಡಿದಿದೆ ಅಂತ ನೋಡಬೇಕು, ಅಷ್ಟೇ.

1992ರಲ್ಲಿ ಜೋಸೆಫ್ ಶ್ಲೆಸಿಂಜರ್ ಅವರ ತಂಡ ಗ್ರಬ್2 ಬಗ್ಗೆ ವರದಿ ಮಾಡಿತು. ಅದೇ ವರ್ಷ ರಾಬರ್ಟ್ ಹೊರ್ವಿಟ್ಜ್ ಅವರ ತಂಡ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದರ ಜೋಡಿ ಜೀನು, ಸೆಮ್-5, ಕುರಿತು ಬರೆಯಿತು. ಮರುವರ್ಷ ಸೆಮ್-5 ಕೆಟ್ಟ ಹುಳುವಿಗೆ ಮನುಷ್ಯನ ಗ್ರಬ್2 ಜೀನನ್ನು ಕೊಟ್ಟು ನೋಡಿದರು. ಅದು ಕೆಲಸ ಮಾಡಿತು! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಎ431 ಅನ್ನುವ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯನ ಕ್ಯಾನ್ಸರ್ ಕೋಶಗಳನ್ನು ಇಲ್ಲೇ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕೋಶ ಸಂಶೋಧನಾ ಕೇಂದ್ರ ಎನ್‌ಸಿಸಿಎಸ್‌ನಿಂದ ತಂದೆವು. ಇವುಗಳ ಮೈಮೇಲೆ ಇಜಿಎಫ್‌ಆರ್ ತುಂಬಾ ಜಾಸ್ತಿ. ಹಿಂದಿನ ರಾತ್ರಿ ಸೀರಮ್ ಇಲ್ಲದ ಮೀಡಿಯಾದಲ್ಲಿ ಉಪವಾಸ ಇಟ್ಟೆ. ಬೆಳಿಗ್ಗೆ ಒಂದು ಪ್ಲೇಟಿಗೆ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಲೆಕ್ಕದಲ್ಲಿ ಇಜಿಎಫ್, ಐದೇ ನಿಮಿಷ. ಇನ್ನೊಂದಕ್ಕೆ ಏನೂ ಇಲ್ಲ. ಆಮೇಲೆ ನೇರ ಐಸ್ ಮೇಲೆ, ತಣ್ಣನೆಯ ಬಫರಿನಲ್ಲಿ ತೊಳೆದು ಲೈಸಿಸ್, ಅಂದರೆ ಕೋಶ ಒಡೆಯುವುದು.

ಇಲ್ಲಿ ವೆನಡೇಟ್ ಬಗ್ಗೆ ಹೇಳಲೇಬೇಕು. ಕೋಶ ಒಡೆದ ಕೂಡಲೇ ಫಾಸ್ಫಟೇಸ್ ಅನ್ನುವ ಎಂಜೈಮ್‌ಗಳು ಟೈರೋಸಿನ್ ಮೇಲಿನ ಫಾಸ್ಫೇಟನ್ನು ಕಿತ್ತು ಹಾಕುತ್ತವೆ. ಫಾಸ್ಫೇಟ್ ಹೋದರೆ ಗ್ರಬ್2ರ ಹಿಡಿತವೂ ಹೋಯಿತು. ಅದನ್ನು ತಡೆಯುವುದು ಸೋಡಿಯಂ ಆರ್ಥೋವೆನಡೇಟ್. ಸುಮ್ನೆ ನೀರಿಗೆ ಕದಡಿ ಹಾಕಿದರೆ ಆಗುವುದಿಲ್ಲ. ಪಿಎಚ್ 10ಕ್ಕೆ ತಂದಾಗ ದ್ರಾವಣ ಅರಿಶಿನ ಕದಡಿದ ಹಾಗೆ ಹಳದಿಯಾಗಿ ನಿಲ್ಲುತ್ತದೆ. ಕುದಿಸಬೇಕು. ಹಳದಿ ನಿಧಾನಕ್ಕೆ ತೆಳುವಾಗಿ, ಕೊನೆಗೆ ಬರೀ ನೀರಿನ ಹಾಗೆ ಕಾಣುತ್ತದೆ. ತಣ್ಣಗಾಗಿಸಿ, ಪಿಎಚ್ ನೋಡಿ, ಇಳಿದಿದ್ದರೆ ಮತ್ತೆ 10ಕ್ಕೆ ತಂದು ಮತ್ತೆ ಕುದಿಸಬೇಕು. ಬಣ್ಣ ವಾಪಸ್ ಬರದೆ ಪಿಎಚ್ ನಿಂತ ಮೇಲೆಯೇ ಸಣ್ಣ ಟ್ಯೂಬುಗಳಲ್ಲಿ ಹಂಚಿ ಫ್ರೀಜ್ ಮಾಡುತ್ತೇನೆ. ಇಷ್ಟೆಲ್ಲ ಮಾಡಿ ಲೈಸಿಸ್ ಬಫರಿಗೆ ಅಭ್ಯಾಸಬಲದಿಂದ ಲೋಹ ಹಿಡಿಯುವ ಇಡಿಟಿಎ ಹಾಕಿಬಿಟ್ಟರೆ ಅದು ವೆನಡೇಟನ್ನು ಕಟ್ಟಿಹಾಕುತ್ತದೆ. ಡಿಟಿಟಿ ಅನ್ನುವ ರಾಸಾಯನಿಕ ಹಾಕಿದರೂ ವೆನಡೇಟ್ ಕೆಲಸಕ್ಕೆ ಬಾರದು.

ಈಗ ಆ ತಪ್ಪಿನ ವಿಷಯ. ಒಂದು ಪ್ರೋಟೀನನ್ನು ಅದರ ಆಂಟಿಬಾಡಿಯಿಂದ ಸಣ್ಣ ಮಣಿಗಳ (ಬೀಡ್ಸ್) ಮೇಲೆ ಹಿಡಿದು, ಅದಕ್ಕೆ ಅಂಟಿದ್ದನ್ನೂ ಜೊತೆಗೆ ಎಳೆದು ತೆಗೆಯುವುದಕ್ಕೆ ಐಪಿ ಅಂತಾರೆ. ನಾನು ಇಜಿಎಫ್‌ಆರ್ ಆಂಟಿಬಾಡಿಯಿಂದ ಐಪಿ ಮಾಡಿ, ಬೀಡ್ಸ್ ಕುದಿಸಿ, ಬ್ಲಾಟಿನಲ್ಲಿ ಗ್ರಬ್2 ಹುಡುಕುತ್ತಿದ್ದೆ. ಬ್ಲಾಟ್ ಅಂದರೆ ಪ್ರೋಟೀನುಗಳನ್ನು ತೂಕದ ಪ್ರಕಾರ ಬಿಡಿಸಿ ಆಂಟಿಬಾಡಿಯಿಂದ ಗುರುತಿಸುವುದು: ಒಂದೊಂದು ಮಾದರಿಗೆ ಒಂದೊಂದು ಲೇನು, ಸಿಕ್ಕ ಪ್ರೋಟೀನು ಒಂದು ಗೆರೆಯಾಗಿ, ಬ್ಯಾಂಡ್ ಆಗಿ, ಕಾಣುತ್ತದೆ. ಎರಡೂ ಆಂಟಿಬಾಡಿ ಇಲಿಯವು. ಸರಿಯಾಗಿ 25 ಕಿಲೋಡಾಲ್ಟನ್ನಿನಲ್ಲಿ ದಪ್ಪನೆಯ, ಚೆಂದದ ಬ್ಯಾಂಡ್ ಬಂತು. ಇಜಿಎಫ್ ಕೊಡದ ಲೇನಿನಲ್ಲೂ ಇತ್ತು. ಉಪವಾಸ ಸಾಲಲಿಲ್ಲ ಅಂದುಕೊಂಡು ಉಪವಾಸದ ಗಂಟೆ ಹೆಚ್ಚಿಸಿದೆ. ಸೀರಮ್ ಬ್ಯಾಚ್ ಬದಲಿಸಿದೆ. ತೊಳೆಯುವ ಬಫರಿಗೆ ಉಪ್ಪು ಜಾಸ್ತಿ ಮಾಡಿದೆ. ಬ್ಯಾಂಡ್ ಅಲ್ಲಾಡಲಿಲ್ಲ. ಹೀಗೇ ನಾಲ್ಕು ತಿಂಗಳು.

ಆಗ ನಿಪ್ಪಾಣಿ ಕಡೆಯ ಒಬ್ಬ ಹುಡುಗಿ ನಮ್ಮ ಲ್ಯಾಬಿಗೆ ಸೇರಿದಳು. ಕೆಲಸ ಕಲಿಸುವಾಗ, ನಿಯಮದ ಪ್ರಕಾರ ಮಾಡೋಣ ಅಂತ ಬರೀ ಇಲಿಯ ಐಜಿಜಿ (ನಮ್ಮ ಪ್ರೋಟೀನನ್ನು ಹಿಡಿಯದ ಸಾದಾ ಆಂಟಿಬಾಡಿ) ಹಾಕಿದ ಲೇನನ್ನೂ ಓಡಿಸಿದೆವು. ಅಷ್ಟು ದಿನ ಆಂಟಿಬಾಡಿ ಉಳಿಸಲು ನಾನು ಬಿಟ್ಟಿದ್ದ ಲೇನು ಅದು. ಸ್ಕ್ರೀನಿನ ಮೇಲೆ ಚಿತ್ರ ಮೂಡುತ್ತಿದ್ದಂತೆ ಅವಳು ಬಗ್ಗಿ ನೋಡಿದಳು.

"ಅಕ್ಕಾರ, ಬರೇ ಐಜಿಜಿ ಹಾಕಿದ ಲೇನ್‌ನಾಗೂ ಐತಲ್ರಿ ಇದು?"

ಹೌದು, ಇತ್ತು. ಅಷ್ಟೇ ದಪ್ಪ. ಆಂಟಿಬಾಡಿಯನ್ನು ಕುದಿಸಿದಾಗ ಅದು ಹೆವಿ ಚೈನ್, ಲೈಟ್ ಚೈನ್ ಅಂತ ಬಿಡಿಬಿಡಿಯಾಗುತ್ತದೆ. ಹೆವಿ ಚೈನ್ 50ರ ಹತ್ತಿರ ನಿಲ್ಲುತ್ತದೆ, ಲೈಟ್ ಚೈನ್ 25ರಲ್ಲಿ. ಬ್ಯಾಂಡ್ ಕಾಣಿಸಲು ಕೊನೆಗೆ ಹಾಕುವ ಸೆಕೆಂಡರಿ ಆಂಟಿಬಾಡಿ ಇಲಿಯ ಆಂಟಿಬಾಡಿಯನ್ನು ಕಂಡಲ್ಲೆಲ್ಲ ಹಿಡಿಯುತ್ತದೆ, ಅಲ್ವಾ? ನಾನು ನೋಡುತ್ತಿದ್ದದ್ದು ನಾನೇ ಹಾಕಿದ ಆಂಟಿಬಾಡಿಯ ತುಂಡನ್ನು. ಗ್ರಬ್2 ಅದರ ಹಿಂದೆ ಎಲ್ಲೋ ಮುಚ್ಚಿಹೋಗಿತ್ತು.

ಅವತ್ತೇ ಕೂತು ಕೆಲಸವನ್ನು ತಿರುಗಿಸಿ ಹಾಕಿದೆವು. ಗ್ರಬ್2ರ ಆಂಟಿಬಾಡಿಯಿಂದ ಐಪಿ ಮಾಡುವುದು, ಬ್ಲಾಟಿನಲ್ಲಿ ಅದು ಕೈ ಹಿಡಿದವರನ್ನು ಹುಡುಕುವುದು. ಇಜಿಎಫ್‌ಆರ್ 170ರ ಸುಮಾರಿಗೆ, ಸಾಸ್ 150ರ ಮೇಲೆ. ಲೈಟ್ ಚೈನಿನ ಕಾಟ ಅಷ್ಟು ಮೇಲೆ ಇಲ್ಲ. ಗ್ರಬ್2 ಬಂದಿದೆಯಾ ಅಂತ ನೋಡಲು ಮೊಲದ ಆಂಟಿಬಾಡಿ ತರಿಸಿದೆವು. ಅದಕ್ಕೆ ಇಲಿಯ ಲೈಟ್ ಚೈನ್ ಗುರುತಿಸದ ಸೆಕೆಂಡರಿ. ಫಾಸ್ಫೇಟ್ ಇರುವ ಟೈರೋಸಿನ್ ಹುಡುಕುವ ಬ್ಲಾಟಿನಲ್ಲಿ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿ ಬಿಟ್ಟು ಬಿಎಸ್‌ಎ (ದನದ ರಕ್ತದ ಒಂದು ಪ್ರೋಟೀನು) ಬಳಸಿದೆವು. ಹಾಲಿನ ಕೇಸೀನ್‌ಗೇ ಫಾಸ್ಫೇಟ್ ಇರುವುದರಿಂದ ಹಿನ್ನೆಲೆ ಕಪ್ಪಾಗುವ ಸಾಧ್ಯತೆ ಇರುತ್ತದೆ.

ಮೂರನೇ ಪ್ರಯತ್ನದಲ್ಲಿ ಬಂತು. ಸಾಸ್ ಎರಡೂ ಲೇನಿನಲ್ಲಿ ಒಂದೇ ಸಮ. ಇಜಿಎಫ್ ಇರಲಿ ಬಿಡಲಿ, ಗ್ರಬ್2 ಅದನ್ನು ಹಿಡಿದೇ ಇರುತ್ತದೆ. ಇಜಿಎಫ್‌ಆರ್ ಮಾತ್ರ ಒಂದರಲ್ಲಿ ಬರೀ ಮಸುಕು ನೆರಳು, ಐದು ನಿಮಿಷ ಇಜಿಎಫ್ ಕುಡಿದ ಲೇನಿನಲ್ಲಿ ಕಡು ಕಪ್ಪು. ಐಜಿಜಿ ಲೇನ್ ಖಾಲಿ. ಆ ಖಾಲಿ ಲೇನನ್ನೇ ನಾನು ಜಾಸ್ತಿ ಹೊತ್ತು ನೋಡಿದೆ.

ಆಮೇಲೆ ಜಿಎಸ್‌ಟಿ ಅನ್ನುವ ಪ್ರೋಟೀನು ಅಂಟಿಸಿದ ಗ್ರಬ್2ನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಪುಲ್‌ಡೌನ್ ಮಾಡಿದೆವು, ಅಂದರೆ ಆ ಜಿಎಸ್‌ಟಿಯನ್ನೇ ಬೀಡ್ಸ್‌ಗೆ ಹಿಡಿಸಿ ಗ್ರಬ್2ಗೆ ಅಂಟಿದ್ದನ್ನು ಎಳೆದು ತೆಗೆದೆವು. ಅಲ್ಲಿ ಆಂಟಿಬಾಡಿಯೇ ಬೇಡ. 86ನೇ ಆರ್ಜಿನಿನ್ ಬದಲು ಲೈಸಿನ್ ಇಟ್ಟರೆ ಎಸ್‌ಎಚ್2 ಕೈ ಬಿಡುತ್ತದೆ: ಸಾಸ್ ಬರುತ್ತದೆ, ಇಜಿಎಫ್‌ಆರ್ ಬರುವುದಿಲ್ಲ. 49 ಮತ್ತು 203ನೇ ಜಾಗ ಕೆಡಿಸಿ ಎರಡೂ ಎಸ್‌ಎಚ್3 ಕೆಲಸ ನಿಲ್ಲಿಸಿದರೆ ಇದರ ಉಲ್ಟಾ. 49 ಮತ್ತು 203ರ ಈ ಬದಲಾವಣೆಗಳನ್ನು ಮೊದಲು ತೋರಿಸಿಕೊಟ್ಟದ್ದು ಅದೇ ಸೆಮ್-5 ಕೆಟ್ಟ ಹುಳುಗಳು.

ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಸಿಎಂಎಲ್‌ನಲ್ಲಿ, ಬಿಸಿಆರ್-ಎಬಿಎಲ್ ಪ್ರೋಟೀನಿನ 177ನೇ ಟೈರೋಸಿನ್ನನ್ನು ಹಿಡಿಯುವುದೂ ಇದೇ ಗ್ರಬ್2. ನಮ್ಮ ಈಗಿನ ಕೆಲಸ ಅದರ ಮೇಲೆ. ಮೈನಸ್ 80 ಡಿಗ್ರಿ ಫ್ರೀಜರಿನ ಡಬ್ಬಿಯಲ್ಲಿ ಲೈಸೇಟ್, ಅಂದರೆ ಒಡೆದ ಕೋಶಗಳ ದ್ರವದ, ಟ್ಯೂಬುಗಳು ಸಾಲಾಗಿವೆ. ಬಫರ್ ಬಾಟಲಿಯ ಮೇಲೆ ನಾನು ಮಾರ್ಕರಿನಲ್ಲಿ "ಇಡಿಟಿಎ ಹಾಕಬೇಡಿ" ಅಂತ ಬರೆದಿಟ್ಟಿದ್ದೆ. ಮರುದಿನ ನೋಡಿದರೆ ನಿಪ್ಪಾಣಿ ಹುಡುಗಿ ಅದರ ಕೆಳಗೆ, ಲ್ಯಾಬಿನ ಉಳಿದವರಿಗೂ ತಿಳಿಯಲಿ ಅಂತ, ಮರಾಠಿಯಲ್ಲಿ "ಇಡಿಟಿಎ ನಕೋ" ಅಂತ ಸೇರಿಸಿದ್ದಳು.