ಗೇಜ್ ಹೇಳಿದ್ದು ಬೇರೆ, ಕಿತ್ತಳೆ ಹೇಳಿದ್ದು ಬೇರೆ

ನಮ್ಮ ಗದ್ದೆ ಇರುವುದು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಒಂದು ವಿತರಣಾ ನಾಲೆಯ ಬಾಲದಲ್ಲಿ, ಅಂದರೆ ನೀರು ಕೊನೆಗೆ ಬಂದು ಮುಟ್ಟುವ ತುದಿಯಲ್ಲಿ. ಬಾಲದವರಿಗೆ ಒಂದು ಚಾಳಿ ಇರುತ್ತದೆ. ನೀರು ಬರಲಿಲ್ಲವೋ, ಮೇಲಿನ ಊರಿನವರು ಕದ್ದರು ಅಂತಲೇ ಮಾತು ಶುರು. ನಾನೂ ಹಾಗೇ ಇದ್ದೆ. ನೀರು ಬಳಕೆದಾರರ ಸಂಘದ ಕಾರ್ಯದರ್ಶಿಯಾದ ಮೇಲೆ ಒಂದು ನೋಟ್‌ಬುಕ್ ತಂದೆ. ನಿಜ ಹೇಳಬೇಕೆಂದರೆ ಮೇಲಿನ ಊರಿನವರನ್ನು ಸಿಕ್ಕಿಹಾಕಿಸೋಣ ಅಂತಲೇ ತಂದಿದ್ದು.

ಮೊದಮೊದಲು ಮಾಡಿದ್ದು ಸುಲಭದ ಕೆಲಸ. ನಾಲೆಯ ಗೋಡೆಯ ಮೇಲೆ ಅಡಿ, ಇಂಚು ಬರೆದ ಗೇಜ್ ಪಟ್ಟಿ ಇದೆ. ಬೆಳಿಗ್ಗೆ 8ಕ್ಕೆ ಹೋಗಿ ನೋಡುವುದು, ಬರೆದುಕೊಳ್ಳುವುದು. 2 ಅಡಿ. ಮರುದಿನವೂ 2 ಅಡಿ. ಅದರ ಮರುದಿನವೂ ಅಷ್ಟೇ. ಆದರೆ ಕೊನೆಯ ತೂಬಿನ ಗದ್ದೆಗೆ ನೀರೇ ಹತ್ತುತ್ತಿಲ್ಲ. ಪುಸ್ತಕದಲ್ಲಿ ನೀರಿದೆ, ಗದ್ದೆಯಲ್ಲಿಲ್ಲ. ಇನ್ನೇನು, ಕಳ್ಳ ಸಿಕ್ಕಂತೆಯೇ ಅಂದುಕೊಂಡೆ.

ನಮ್ಮ ನಾಲೆಯಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದ ಹಳೇ ಸೌಡಿ ಒಬ್ಬರು ನನ್ನ ಪುಸ್ತಕ ನೋಡಿ ನಕ್ಕರು. "ಅಲ್ಲ ಕಣಪ್ಪ, ನೀರು ಎಷ್ಟು ಎತ್ತರ ಅದೆ ಅಂತ ಬರ್ದಿದ್ದೀಯೆ. ನಿಂತದೋ, ಓಡ್ತದೋ ನೋಡ್ದಾ?"

ನೋಡಿರಲಿಲ್ಲ. ಅವತ್ತೇ ಸಂಜೆ ಒಂದು ಕಿತ್ತಳೆ ಹಣ್ಣು ತಗೊಂಡು ಹೋದೆ. ಕಿತ್ತಳೆಯೇ ಯಾಕೆ ಅಂದರೆ, ಅದು ಬಹುಪಾಲು ಮುಳುಗಿಕೊಂಡೇ ತೇಲುತ್ತದೆ, ಗಾಳಿ ತಳ್ಳುವುದು ಕಡಿಮೆ. ಎಲೆ, ಕಡ್ಡಿ ಹಾಕಿದರೆ ಗಾಳಿಯ ಲೆಕ್ಕ ಸಿಗುತ್ತದೆ, ನೀರಿನದಲ್ಲ. ನಾಲೆ ನೇರವಾಗಿರುವ ಕಡೆ 100 ಅಡಿ ಅಳೆದು ಎರಡು ಗೂಟ ನೆಟ್ಟೆ. ಮೊದಲ ಗೂಟಕ್ಕಿಂತ ಸ್ವಲ್ಪ ಮೇಲೆಯೇ ಹಣ್ಣು ಬಿಟ್ಟು, ಮೊಬೈಲಿನಲ್ಲಿ ಸಮಯ ನೋಡಿದೆ. ಐದು ಸಲ ಬಿಟ್ಟು ಸರಾಸರಿ ತೆಗೆದರೆ 105 ಸೆಕೆಂಡ್ ಬಂತು.

ಇಲ್ಲಿಂದ ಬರೀ ಗುಣಾಕಾರ. ಸರಾಸರಿ ಅಗಲ 6 ಅಡಿ, ಆಳ 2 ಅಡಿ, ಅಂದರೆ 12 ಚದರ ಅಡಿ. ವೇಗ ಸೆಕೆಂಡಿಗೆ 0.95 ಅಡಿ. ಮೇಲ್ಮೈ ನೀರು ಜೋರಾಗಿ ಓಡುತ್ತದೆ, ತಳದ್ದು, ದಡದ್ದು ನಿಧಾನ. ಅದಕ್ಕೆ ವೇಗವನ್ನು 0.85ರಿಂದ ಗುಣಿಸಬೇಕು. ಎಲ್ಲಾ ಸೇರಿ ಸೆಕೆಂಡಿಗೆ 10 ಘನ ಅಡಿ, ಅಂದರೆ 10 ಕ್ಯೂಸೆಕ್ಕೂ ಆಗಲಿಲ್ಲ.

ಕಾರಣ ಹುಡುಕಿಕೊಂಡು ಕೆಳಗೆ ನಡೆದರೆ, ಸ್ವಲ್ಪ ದೂರದಲ್ಲೇ ಜೊಂಡು, ಹೂಳು ತುಂಬಿ ನಾಲೆ ಅರ್ಧ ಮುಚ್ಚಿತ್ತು. ನಮ್ಮೂರಿನ ಎಲ್ಲೆಯೊಳಗೇ! ನೀರು ಅದಕ್ಕೆ ತಡೆದು ಹಿಂದಕ್ಕೆ ಏರುತ್ತಿತ್ತು. ಗೇಜ್ 2 ಅಡಿಯಲ್ಲೇ ನಿಂತಿದ್ದು ಅದಕ್ಕೇ. ಮೇಲಿನ ಊರಿನವರು ತೂಬು ಮುಟ್ಟದಿದ್ದರೂ ಅವರ ಕಡೆಗೆ ನೀರು ಜಾಸ್ತಿ ನುಗ್ಗುತ್ತಿದ್ದದ್ದೂ ಅದಕ್ಕೇ.

ಎರಡು ದಿನ ಆಳು ಹಾಕಿ ಜೊಂಡು ತೆಗೆಸಿದೆವು. ಗೇಜ್ ಒಂದೂವರೆ ಅಡಿಗೆ ಇಳಿಯಿತು. "ಕಾರ್ಯದರ್ಶಿ ಇರೋ ನೀರನ್ನೂ ಕಳೆದ" ಅಂತ ಊರೊಳಗೆ ಗಲಾಟೆ. ಮತ್ತೆ ಕಿತ್ತಳೆ ಬಿಟ್ಟು ತೋರಿಸಿದೆ. ಈಗ 50 ಸೆಕೆಂಡ್. ಗುಣಿಸಿದರೆ 15 ಕ್ಯೂಸೆಕ್. ಎತ್ತರ ಇಳಿದಿದೆ, ನೀರು ಹೆಚ್ಚಿದೆ. ಕೆಲವರು ಇವತ್ತಿಗೂ ಒಪ್ಪಿಲ್ಲ, ಬಿಡಿ.

ಒಂದು ಕ್ಯೂಸೆಕ್ ಇಡೀ ದಿನ ಹರಿದರೆ ಹೆಚ್ಚುಕಡಿಮೆ 2 ಎಕರೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ. ಇದೊಂದು ಲೆಕ್ಕ ಬಾಯಿಗೆ ಬಂದರೆ, ಒಂದು ಕಟ್ಟಿನ, ಅಂದರೆ ನಾಲೆಗೆ ಒಂದು ಸರದಿಯಲ್ಲಿ ಬಿಡುವ, ನೀರು ಯಾವ ತೂಬಿಗೆ ಎಷ್ಟು ಗಂಟೆ ಅಂತ ಹಂಚುವುದು ಸಲೀಸು.

ನಾನು ಎಡವಿದ ಇನ್ನೊಂದು ಜಾಗ ಬಸಿನೀರು. ಒಂದು ಕಟ್ಟಿನಲ್ಲಿ ನಮಗೆ ಬಂದದ್ದಕ್ಕಿಂತ ನಾವು ಬಳಸಿದ್ದೇ ಹೆಚ್ಚು ಅಂತ ಲೆಕ್ಕ ಬಂತು. ತಲೆ ಕೆಟ್ಟುಹೋಯಿತು. ಆಮೇಲೆ ನೋಡಿದರೆ ಮೇಲಿನ ಭತ್ತದ ಗದ್ದೆಗಳಿಂದ ಬಸಿದ ನೀರು ಹಳ್ಳದಲ್ಲಿ ಬಂದು ನಮ್ಮ ಸೀಳು ನಾಲೆಗೆ ಸೇರುತ್ತಿತ್ತು. ಅವರು ಬಳಸಿದ್ದು ಅಂತ ಒಂದು ಸಲ, ನಾವು ಬಳಸಿದ್ದು ಅಂತ ಇನ್ನೊಂದು ಸಲ, ಒಂದೇ ನೀರನ್ನು ಎರಡು ಸಲ ಬರೆದಿದ್ದೆ.

ಇಷ್ಟೆಲ್ಲ ಆದಮೇಲೆ 2023 ಬಂತು. ನಮ್ಮ ನಾಲೆಗೆ ನೀರು ಕೊಡುವ ಕೆಆರ್‌ಎಸ್ ಅಣೆಕಟ್ಟೆ ತುಂಬಲಿಲ್ಲ. ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್ ಬಿಡಬೇಕು ಅಂತ ಆದೇಶ. ಟೀ ಅಂಗಡಿಯಲ್ಲಿ ಎಲ್ಲರೂ ನನ್ನನ್ನೇ ಕೇಳುವವರು. "ಎಷ್ಟಾಯ್ತದೆ ಅಣ್ಣ ಅದು?" 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಆ ಲೆಕ್ಕದಲ್ಲಿ 15 ದಿನಕ್ಕೆ 6.48 ಟಿಎಂಸಿ. ಕೆಆರ್‌ಎಸ್ 124.80 ಅಡಿ ತುಂಬಿದರೆ ಹಿಡಿಯುವುದು 49.45 ಟಿಎಂಸಿ. ಅಂಗಡಿ ಒಂದು ಗಳಿಗೆ ಸುಮ್ಮನಾಯಿತು.

ಆದರೆ ಅಣೆಕಟ್ಟೆಯ ಬಾಗಿಲಲ್ಲಿ ಬಿಟ್ಟದ್ದು ಅಲ್ಲಿಯ ಲೆಕ್ಕ ಅಷ್ಟೇ. ತಮಿಳುನಾಡಿಗೆ ಹೋದದ್ದನ್ನು ಅಳೆಯುವುದು ಗಡಿಯ ಬಿಳಿಗುಂಡ್ಲುವಿನಲ್ಲಿ. ಅಳೆಯುವುದು ಎರಡೂ ರಾಜ್ಯದವರಲ್ಲ, ಕೇಂದ್ರ ಜಲ ಆಯೋಗದವರು. ನಡುವೆ ತಿರುಮಕೂಡಲಿನಲ್ಲಿ ಕಬಿನಿ ಸೇರುತ್ತದೆ, ಕೆಳಗೆ ಶಿಂಷಾ, ಸಂಗಮದಲ್ಲಿ ಅರ್ಕಾವತಿ. ಒಂದು ಒಳ್ಳೆ ಮಳೆ ಬಿದ್ದರೆ ಬಿಟ್ಟದ್ದಕ್ಕಿಂತ ಜಾಸ್ತಿಯೇ ಅಲ್ಲಿ ಹರಿಯಬಹುದು. ಬೇಸಿಗೆಯಲ್ಲಿ ಇದು ಉಲ್ಟಾ. ನಮ್ಮ ಬಸಿನೀರಿನ ಕಥೆಯೇ, ದೊಡ್ಡದಾಗಿ.

ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಕರ್ನಾಟಕ ಕೊಡಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ವರ್ಷದ ಲೆಕ್ಕ 177.25 ಟಿಎಂಸಿ. ಅದನ್ನು ತಿಂಗಳಿಗಿಷ್ಟು ಅಂತ ಹಂಚಿದ್ದಾರೆ. ಆಗಸ್ಟ್‌ಗೆ 45.95, ಫೆಬ್ರವರಿಗೆ 2.5. ಇದು ಮಾಮೂಲಿ ಮಳೆಯ ವರ್ಷಕ್ಕೆ ಸರಿ. ಮಳೆ ಕೈಕೊಟ್ಟಾಗ ಕೊರತೆಯನ್ನು ಹೇಗೆ ಹಂಚುವುದು ಅನ್ನುವುದೇ ಜಗಳ. ನನ್ನ ಕೇಳಿದರೆ, ವರ್ಷದ ಅಂಕಿಗಿಂತ ಆ ತಿಂಗಳ ಅಂಕಿಗಳೇ ಕಷ್ಟ. ನಮ್ಮ ತೂಬುಗಳಲ್ಲೂ ಅಷ್ಟೇ. ಪೈರು ಹಾಲು ತುಂಬುವ ವಾರದಲ್ಲಿ ತಪ್ಪಿದ ಕಟ್ಟನ್ನು ಕೊಯ್ಲಾದ ಮೇಲೆ ಕೊಟ್ಟು ಲೆಕ್ಕ ಸರಿ ಮಾಡಿದರೆ ಯಾರಿಗೆ ಬೇಕು?

ಮೇಲಿನ ಊರಿನಿಂದಲೂ ಈಗ ಒಬ್ಬ ಹುಡುಗ ಅಳತೆಗೆ ಬರುತ್ತಾನೆ. ಇಬ್ಬರೂ ಒಟ್ಟಿಗೇ ಹಣ್ಣು ಬಿಟ್ಟು, ಒಂದೇ ಪುಟಕ್ಕೆ ಸಹಿ ಹಾಕುತ್ತೇವೆ. ಅಳತೆ ಮುಗಿದ ಮೇಲೆ ಹಣ್ಣು ಅವನದು. ಮೊನ್ನೆಯ ಕಟ್ಟಿನಲ್ಲಿ 2 ಕ್ಯೂಸೆಕ್ ಲೆಕ್ಕಕ್ಕೆ ಸಿಗಲಿಲ್ಲ. ಒಂದಷ್ಟು ಸೋರಿಕೆ ಅಂತಿಟ್ಟುಕೊಳ್ಳೋಣ. ಮಿಕ್ಕಿದ್ದು, ನಡುರಾತ್ರಿ ನಾಲೆ ಏರಿಯ ಮೇಲೆ ಸದ್ದು ಮಾಡುವ ಪಂಪಿನದು. ಯಾರದು ಅಂತ ಇಬ್ಬರಿಗೂ ಗೊತ್ತು. ನಮ್ಮೂರಿನವರದೇ.